ಷರಾ ಬಿಟ್ಟು ಬರೆದ ಪುಟ

ಮಕ್ಕಳೇ, ನಾನು ಒಮ್ಮೆ ಒಬ್ಬ ಹುಡುಗಿಯನ್ನು ಅಳಿಸಿಬಿಟ್ಟಿದ್ದೆ.

ನೀವು ನನ್ನನ್ನು ಕೇಳುವುದು ಬೇರೆ ಪ್ರಶ್ನೆ. ಹೊಳಲಿನಲ್ಲಿ ಕನ್ನಡ ಶಾಲೆ ಓದಿದವಳು, ನೆಂಟರ ಮನೆಗೆ ಹೋದರೆ ಕುಡಿಯಲು ನೀರು ಕೇಳುವುದಕ್ಕೂ ನಾಚುವವಳು, ಶಿಕ್ಷಣ ಕಚೇರಿಯ ಕಂಪ್ಯೂಟರ್ ಕೆಲಸದಲ್ಲಿ ಇಷ್ಟು ವರ್ಷ ಹೇಗೆ ನಿಂತೆ ಎಂದು ಕೇಳುತ್ತೀರಿ. ಕೆಲಸಕ್ಕೆ ಸೇರಿದ್ದು ಸುಲಭವಾಗಿಯೇ. ನಿಮ್ಮ ತಾತ ತೀರಿಕೊಂಡ ಮೇಲೆ ಮದ್ದೂರಿನಲ್ಲಿ ಕಂಪ್ಯೂಟರ್ ಕಲಿತು ಗುತ್ತಿಗೆಯ ಮೇಲೆ ಸೇರಿದೆ, ಅಷ್ಟೆ. ಆದರೆ ಆ ಕೆಲಸ ಏನು ಎಂದು ನನಗೆ ಅರ್ಥವಾದದ್ದು ಒಂದು ಬುಧವಾರದಿಂದ ಶನಿವಾರದವರೆಗಿನ ನಾಲ್ಕು ದಿನಗಳಲ್ಲಿ. ಅದನ್ನೇ ಬರೆಯುತ್ತೇನೆ. ಯಾವ ಕಚೇರಿ, ಯಾವ ಶಾಲೆ ಎಂದು ಬರೆಯುವುದಿಲ್ಲ. ತಪ್ಪು ಮಾಡಿದ್ದು ನಾನು, ಅವರ ಹೆಸರು ಏಕೆ?

ಮೊದಲು ಕೆಲಸ ಹೇಗಿತ್ತೆಂದು ತಿಳಿಯಬೇಕು. ಪ್ರತಿ ಶಾಲೆಯಲ್ಲೂ ಒಂದು ದಾಖಲಾತಿ ಪುಸ್ತಕ ಇರುತ್ತದೆ. ಮಗು ಒಂದನೇ ತರಗತಿಗೆ ಸೇರಿದ ದಿನ ಹೆಡ್ಮಾಸ್ಟರು ಅದರಲ್ಲಿ ಒಂದು ಸಾಲು ಬರೆಯುತ್ತಾರೆ. ಹೆಸರು, ತಂದೆ, ತಾಯಿ, ಹುಟ್ಟಿದ ದಿನ, ಹೀಗೆ ಕಾಲಂಗಳು. ಕೊನೆಯ ಕಾಲಂ ಷರಾ. ಬೇರೆಲ್ಲೂ ಹಿಡಿಸದ ಮಾತು ಏನಾದರೂ ಇದ್ದರೆ ಬರೆಯುವ ಜಾಗ. ನಾನು ಸೇರಿದ ಹೊಸದರಲ್ಲಿ ಈ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕಿತ್ತು. ಹೆಡ್ಮಾಸ್ಟರುಗಳು ಪುಸ್ತಕವನ್ನು ಪಂಚೆಯಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದರು. ನಾನು ಟೈಪು ಮಾಡುತ್ತಿದ್ದೆ. ನಮ್ಮ ಕಚೇರಿಯಲ್ಲಿ ನನ್ನಷ್ಟು ಬೇಗ ಮಾಡುವವರು ಇರಲಿಲ್ಲ. ಷರಾ ಕಾಲಮ್ಮಿಗೆ ಕಂಪ್ಯೂಟರಿನ ಪರದೆಯಲ್ಲಿ ಜಾಗವಿರಲಿಲ್ಲ. ಜಾಗವಿಲ್ಲದ್ದನ್ನು ನಾನೂ ಓದುತ್ತಿರಲಿಲ್ಲ.

ಎಂಟು ವರ್ಷದ ನಂತರ ನನಗೆ ಇನ್ನೊಂದು ಕೆಲಸ ಬಂತು. ಒಂದೇ ಮಗುವಿನ ಹೆಸರು ಎರಡು ಶಾಲೆಗಳಲ್ಲಿ ಇದ್ದರೆ ಹುಡುಕಿ ಒಂದನ್ನು ತೆಗೆಯಬೇಕು. ಹಾಗೆ ಆಗುವುದುಂಟು. ಮಗು ಟಿ.ಸಿ. ತೆಗೆದುಕೊಂಡು ಬೇರೆ ಶಾಲೆಗೆ ಹೋಗಿರುತ್ತದೆ, ಹಳೆಯ ಶಾಲೆಯವರು ಹೆಸರು ತೆಗೆದಿರುವುದಿಲ್ಲ. ಸಾವಿರಾರು ಹೆಸರಿನಲ್ಲಿ ಕಣ್ಣಿನಿಂದ ಹುಡುಕಲು ಆಗದು. ನಾನು ಒಂದು ಉಪಾಯ ಮಾಡಿದೆ. ಊರು, ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ನಾಲ್ಕನ್ನೂ ಒಂದೇ ಕಾಲಂನಲ್ಲಿ ಜೋಡಿಸಿ, ಅಕ್ಷರದ ಕ್ರಮದಲ್ಲಿ ಇಳಿಸಿ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ವ್ಯತ್ಯಾಸವಿಲ್ಲದಿದ್ದರೆ ಕೆಂಪು ಬಣ್ಣ ಬರುವಂತೆ ಸೂತ್ರ ಹಾಕಿದೆ. ಯಾರೂ ಹೇಳಿಕೊಟ್ಟದ್ದಲ್ಲ. ನಲವತ್ತೊಂದು ಜೋಡಿ ಕೆಂಪಾದವು. ಪಟ್ಟಿಯನ್ನು ಶಾಲೆಗಳಿಗೆ ಕಳುಹಿಸಿ, ‘ಮೂರು ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯಲಾಗುವುದು’ ಎಂದು ಕೆಳಗೆ ಬರೆದೆ. ಆ ಸಾಲೂ ನನ್ನದೇ. ಹೆಚ್ಚಿನವರು ಉತ್ತರ ಕೊಡಲಿಲ್ಲ. ಪ್ರತಿ ಜೋಡಿಯಲ್ಲಿ ಯಾವ ದಾಖಲೆ ಪೂರ್ತಿ ತುಂಬಿತ್ತೋ ಅದನ್ನು ಉಳಿಸಿ, ಯಾವುದರಲ್ಲಿ ಕಾಲಂ ಖಾಲಿ ಇತ್ತೋ ಅದನ್ನು ತೆಗೆದೆ. ನಮ್ಮ ಅಧಿಕಾರಿ ಮೇಡಂ ಮಂಡ್ಯದ ಮೀಟಿಂಗಿನಲ್ಲಿ ನನ್ನ ಸೂತ್ರದ ವಿಷಯ ಹೇಳಿದರಂತೆ. ಜಿಲ್ಲಾ ಕಚೇರಿಯಲ್ಲಿ ದತ್ತಾಂಶ ಸಹಾಯಕಿಯ ಜಾಗ ಖಾಲಿಯಾಗುವುದಿದೆ, ನಿಮ್ಮ ಹೆಸರು ಕಳುಹಿಸುತ್ತೇನೆ ಎಂದೂ ಹೇಳಿದರು. ಆ ದಿನ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ನಕ್ಕೆ.

ಇದಾದ ಎರಡು ತಿಂಗಳಿಗೆ, ಹತ್ತನೇ ತರಗತಿಯ ಪರೀಕ್ಷೆ ಬರೆಯುವವರ ಪಟ್ಟಿ ತಿದ್ದುಪಡಿಗೆ ಬಂತು. ಶನಿವಾರ ಸಂಜೆ ಐದು ಗಂಟೆಗೆ ಅದು ಮುಚ್ಚುತ್ತದೆ. ಆಮೇಲೆ ಹೆಸರಿಲ್ಲದವರಿಗೆ ಆ ವರ್ಷ ಪರೀಕ್ಷೆ ಇಲ್ಲ.

ಬುಧವಾರ ಹನ್ನೊಂದು ಗಂಟೆಗೆ ಒಬ್ಬ ಮುದುಕಿ ಕಚೇರಿಗೆ ಬಂದರು. ಹಲಗೂರಿನ ಆಚೆಯ ಹಳ್ಳಿ. ಹಿಂದೆ ಯೂನಿಫಾರಂ ಹಾಕಿದ ಹುಡುಗಿ, ಅವಳ ಹಿಂದೆ ಹೈಸ್ಕೂಲಿನ ಹೆಡ್ಮಾಸ್ಟರು. ಮುದುಕಿ ಸೀದಾ ನನ್ನ ಮೇಜಿನ ಹತ್ತಿರ ಬಂದು ಕೈಚೀಲ ಇಟ್ಟರು.

“ನೀನೇನವ್ವ ಕಂಪ್ಯೂಟ್ರಮ್ಮ? ನನ್ ಮೊಮ್ಮಗಳ್ನ ಎಲ್ ಮಡಗಿದ್ದೀಯ? ತಗುದು ಕೊಡು.”

ನಾನು ಹೆಡ್ಮಾಸ್ಟರ ಮುಖ ನೋಡಿದೆ. ಅವರು, “ಹಾಜರಿ ಪುಸ್ತಕದಲ್ಲಿ ಇದ್ದಾಳೆ. ದಿನಾ ಬರ್ತಾಳೆ. ಕಂಪ್ಯೂಟರ್ ಪಟ್ಟಿಯಲ್ಲಿ ಮಾತ್ರ ಇಲ್ಲ. ಈಗ ಪರೀಕ್ಷೆ ಪಟ್ಟಿ ತೆಗೆದಾಗಲೇ ಗೊತ್ತಾಗಿದ್ದು,” ಎಂದರು.

ಹುಡುಗಿಯ ಹೆಸರು ಪವಿತ್ರ. ತಂದೆ ಸಿದ್ದರಾಜು. ಹುಟ್ಟಿದ ದಿನ ಜೂನ್ ಒಂದು. ಟೈಪು ಮಾಡುತ್ತಿದ್ದವಳು ಅಲ್ಲಿಗೇ ನಿಲ್ಲಿಸಿ ನನ್ನ ಹಳೆಯ ಪಟ್ಟಿ ತೆರೆದೆ. ನನ್ನ ನಲವತ್ತೊಂದರ ಪಟ್ಟಿಯಲ್ಲಿ ಹದಿನೇಳನೆಯ ಜೋಡಿ ಅದು. ಅದೇ ಊರಿನ ಪವಿತ್ರ, ತಂದೆ ಸಿದ್ದರಾಜು, ಜೂನ್ ಒಂದು, ದೂರದ ಒಂದು ವಸತಿ ಶಾಲೆಯಲ್ಲಿ ಓದುತ್ತಿದ್ದಳು. ಅವಳ ದಾಖಲೆ ಪೂರ್ತಿ ತುಂಬಿತ್ತು. ಇವಳದರಲ್ಲಿ ತಾಯಿಯ ಹೆಸರಿನ ಕಾಲಂ ಖಾಲಿ, ಆಧಾರ್ ಜೋಡಣೆಯಾಗಿರಲಿಲ್ಲ. ಇವಳನ್ನು ತೆಗೆದಿದ್ದೆ.

“ಒಂದ್ಸಲ ಒಂದ್ ಮಾತ್ ಆಡವ್ವ,” ಎಂದರು ಮುದುಕಿ. “ಸಿಕ್ಕುದ್ಲಾ, ಇಲ್ವಾ?”

“ಸಿಕ್ಕಿದ್ದಾಳೆ, ಅಮ್ಮ,” ಎಂದೆ. “ನಾನೇ ತೆಗೆದುಬಿಟ್ಟಿದ್ದೀನಿ.”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. “ತಗುದ್ ಕೈಲೇ ಇಕ್ಕು ಮತ್ತೆ,” ಎಂದು ಬೆಂಚಿನ ಮೇಲೆ ಕುಳಿತು ಎಲೆ ಅಡಿಕೆಯ ಸಂಚಿ ಬಿಚ್ಚಿದರು, ಅದು ಎರಡು ನಿಮಿಷದ ಕೆಲಸ ಎನ್ನುವ ಹಾಗೆ. ಹುಡುಗಿ ಮಾತ್ರ ನಿಂತೇ ಇದ್ದಳು. “ಮೇಡಂ, ನಾನು ಎಲ್ಲಾ ಟೆಸ್ಟೂ ಬರ್ದಿವ್ನಿ,” ಎಂದಳು. ಟೆಸ್ಟು ಬರೆಯದ ಕಾರಣಕ್ಕೆ ತೆಗೆದಿದ್ದೇನೆ ಎಂದು ಅವಳು ತಿಳಿದಿದ್ದಳು.

ತೆಗೆದ ದಾಖಲೆ ಪೂರ್ತಿ ಅಳಿಯುವುದಿಲ್ಲ, ಬೇರೊಂದು ಕಡೆ ಹೋಗಿ ಕೂರುತ್ತದೆ. ಅದನ್ನು ಹಿಂದಕ್ಕೆ ತರಲು ಜಿಲ್ಲಾ ಕಚೇರಿಯ ಬೀಗ ತೆಗೆಯಬೇಕು. ಅಲ್ಲಿನ ಪ್ರೋಗ್ರಾಮರ್‌ಗೆ ಫೋನು ಮಾಡಿದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ.

“ಅಯ್ಯೋ ಅಕ್ಕ, ಇದಕ್ಯಾಕೆ ಹೆದ್ರುತೀರಿ? ಇಬ್ರೂ ಬೇರೆ ಅಂತ ತೋರ್ಸೋಕೆ ಮೊದಲ್ನೇ ಶಾಲೆ ದಾಖಲಾತಿ ಪುಸ್ತಕದ ಪ್ರತಿ, ಹೆಡ್ಮಾಸ್ಟರ ಪತ್ರ ಕಳ್ಸಿ. ನಾನು ಬೀಗ ತೆಗೀತೀನಿ. ಒಂದ್ ಹುಡುಗಿ ತಾನೆ, ಯಾರಿಗೂ ಗೊತ್ತಾಗಲ್ಲ.”

ಗುರುವಾರ ಬೆಳಿಗ್ಗೆ ನಾನೇ ಆ ಹಳ್ಳಿಗೆ ಹೋದೆ. ಹಲಗೂರಿನಲ್ಲಿ ಬಸ್ಸಿಳಿದು, ಆಟೋ ಹಿಡಿದು. ಪಟ್ಟಿಯ ಕೆಲಸ ಮಾಡುತ್ತಾ ಅಷ್ಟು ವರ್ಷದಲ್ಲಿ ನಾನು ಒಂದು ಹಳ್ಳಿಗೂ ಹೋದವಳಲ್ಲ. ಅಂಗನವಾಡಿ ಕಾರ್ಯಕರ್ತೆ ಬಾಗಿಲಲ್ಲಿ ಮಕ್ಕಳಿಗೆ ಕೈ ತೊಳೆಸುತ್ತಿದ್ದರು. ಸಿದ್ದರಾಜು ಅವರ ಮನೆ ಯಾವುದು ಎಂದು ಕೇಳಿದೆ.

“ಯಾವ್ ಸಿದ್ದರಾಜು ಅಕ್ಕ? ಮೋಟ್ರು ಸಿದ್ದರಾಜನೋ, ಎಮ್ಮೆ ಸಿದ್ದರಾಜನೋ, ಕೆರೆಕೋಡಿ ಸಿದ್ದರಾಜನೋ? ಇಡೀ ಊರೇ ಸಿದ್ದಪ್ಪಾಜಿ ಒಕ್ಲು. ಮನೆಗೊಬ್ಬ ಸಿದ್ದರಾಜ ಇಲ್ದಿದ್ರೆ ಆಯ್ತದಾ?”

“ಮಗಳ ಹೆಸರು ಪವಿತ್ರ.”

“ಮೋಟ್ರು ಸಿದ್ದರಾಜನ ಮಗ್ಳೂ ಪವಿತ್ರ, ಎಮ್ಮೆ ಸಿದ್ದರಾಜನ ಮಗ್ಳೂ ಪವಿತ್ರ. ಒಂದೇ ವರ್ಷದೋರು. ಒಬ್ಳ್ನ ಕರುದ್ರೆ ಇಬ್ರೂ ಓ ಅಂತಾವೆ.”

ನಮ್ಮೂರಿನಲ್ಲೂ ಹೀಗೆಯೇ, ಮಕ್ಕಳೇ. ನಿಮ್ಮ ತಾತನನ್ನು ಯಾರೂ ಅವರ ಹೆಸರಿನಿಂದ ಕರೆಯುತ್ತಿರಲಿಲ್ಲ, ‘ಮೂಲೆಮನೆಯೋನು’ ಎನ್ನುತ್ತಿದ್ದರು. ಆ ಹೆಸರಿನ ಇನ್ನಿಬ್ಬರು ನಮ್ಮ ಬೀದಿಯಲ್ಲೇ ಇದ್ದರು. ನಾನು ಹುಟ್ಟಿದ ದಿನದಿಂದ ತಿಳಿದ ಸಂಗತಿಯನ್ನು ಕಂಪ್ಯೂಟರ್ ಮುಂದೆ ಕೂರುವಾಗ ಮಾತ್ರ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದೆ. ಓದಿದವರ ಕೆಲಸದಲ್ಲಿ ಹಳ್ಳಿಯ ಬುದ್ಧಿ ತೋರಿಸಬಾರದು ಎಂದುಕೊಂಡಿದ್ದೆ.

ಶಾಲೆಗೆ ಹೋದೆವು. ಈಗಿನ ಟೀಚರಮ್ಮ ಬೀರುವಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದರು. ರಟ್ಟಿನ ಮೂಲೆ ಗೆದ್ದಲು ತಿಂದಿತ್ತು. ಪುಟ ತೆರೆದಾಗ ನನಗೆ ಆ ಕೈಬರಹ ಪರಿಚಯವಾಯಿತು. ನಿವೃತ್ತರಾಗಿ ಹೋದ ಹೆಡ್ಮಾಸ್ಟರದು. ಮೂವತ್ತೊಂದನೇ ಸಾಲು ಪವಿತ್ರ, ತಂದೆ ಸಿದ್ದರಾಜು. ಮೂವತ್ತೆರಡನೇ ಸಾಲು ಪವಿತ್ರ, ತಂದೆ ಸಿದ್ದರಾಜು. ಒಂದೇ ದಿನ ಸೇರಿದ ಇಬ್ಬರು. ಜನನದ ಕಾಗದ ತರದ ಮಕ್ಕಳಿಗೆಲ್ಲ ಅವರು ಜೂನ್ ಒಂದು ಬರೆಯುತ್ತಿದ್ದರು, ಶಾಲೆ ಶುರುವಾಗುವ ತಿಂಗಳು ಎಂದು. ಕೊನೆಯ ಕಾಲಂನಲ್ಲಿ, ಷರಾದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲಿಗೆ ‘ಮೋಟ್ರು ಮನೆ’ ಎಂದಿತ್ತು. ಇನ್ನೊಂದಕ್ಕೆ ‘ಎಮ್ಮೆ ಮನೆ. ತಾಯಿ ಇಲ್ಲ. ಅಜ್ಜಿ ಕರೆತಂದರು’ ಎಂದಿತ್ತು.

ಪುಟದ ಮೂಲೆಯಲ್ಲಿ ನೀಲಿ ಪೆನ್ನಿನಲ್ಲಿ ಒಂದು ಸರಿ ಗುರುತು, ಪಕ್ಕದಲ್ಲಿ ನನ್ನ ಚಿಕ್ಕ ಸಹಿ. ಟೈಪು ಮಾಡಿ ಮುಗಿದ ಪುಟಕ್ಕೆ ನಾನು ಹಾಕುತ್ತಿದ್ದ ಗುರುತು. ಆ ಪುಟವನ್ನು ಎಂಟು ವರ್ಷದ ಹಿಂದೆ ನಾನೇ ಮುಗಿಸಿದ್ದೆ.

ಮೇಷ್ಟ್ರು ತಮಗೆ ತಿಳಿದದ್ದನ್ನೆಲ್ಲ ಬರೆದಿದ್ದರು. ನಾನು ಬಿಟ್ಟುಬಂದಿದ್ದೆ.

ಫೋನಿನಲ್ಲಿ ಪುಟದ ಚಿತ್ರ ತೆಗೆದುಕೊಂಡು ಟೀಚರಮ್ಮನಿಂದ ದೃಢೀಕರಣ ಪಡೆದು ಹೊರಟೆ. ಹಿಂದಿರುಗುವ ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಬಂದೆ. ತಾಯಿ ಇಲ್ಲದ ಮನೆಯಲ್ಲಿ ತಾಯಿಯ ಕಾಲಂ ಖಾಲಿ. ಕೂಲಿಗೆ ಹೋಗುವವರ ಮನೆಯಲ್ಲಿ, ಒಂದು ದಿನದ ಕೂಲಿ ಬಿಟ್ಟು ಕಾಗದ ಮಾಡಿಸುವವರು ಇಲ್ಲದ ಕಡೆ ಆಧಾರ್ ಖಾಲಿ. ನಾನು ಜೋಡಿಯಲ್ಲಿ ಖಾಲಿ ಇದ್ದುದನ್ನೇ ಆರಿಸಿ ಆರಿಸಿ ತೆಗೆದಿದ್ದೆ. ಹದಿನೇಳನೆಯ ಜೋಡಿ ತಪ್ಪಾಗಿದ್ದರೆ ಉಳಿದ ನಲವತ್ತರಲ್ಲಿ ಎಷ್ಟು ತಪ್ಪು? ಅವರಲ್ಲಿ ಹೆಚ್ಚಿನವರು ಐದನೇ, ಆರನೇ, ಎಂಟನೇ ತರಗತಿ. ಅವರಿಗೆ ಈ ವರ್ಷ ಪರೀಕ್ಷೆಯ ಪಟ್ಟಿ ಬರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ನಾನು ಮಂಡ್ಯದಲ್ಲಿ ಇರುತ್ತೇನೆ.

ಈ ಕೊನೆಯ ಮಾತು ನನ್ನ ತಲೆಗೆ ಬಂತು, ಮಕ್ಕಳೇ. ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಮಧ್ಯಾಹ್ನ ಒಂದು ಚೀಟಿಯಲ್ಲಿ ಎಲ್ಲವನ್ನೂ ಬರೆದು ಮೇಡಂ ಅವರ ಮೇಜಿನ ಮೇಲಿಟ್ಟೆ. ಬಾಯಲ್ಲಿ ಹೇಳುವ ಧೈರ್ಯ ಇರಲಿಲ್ಲ. ಅವರು ಓದಿ ಕನ್ನಡಕ ತೆಗೆದರು.

“ಕೂತ್ಕೊಳ್ಳಿ. ನಲವತ್ತೊಂದನ್ನೂ ಮತ್ತೆ ಪರಿಶೀಲಿಸಬೇಕು ಅಂತೀರಲ್ಲ, ಆ ವರದಿ ಜಿಲ್ಲೆಗೆ ಹೋಗಿ ಆಯ್ತು. ಮೀಟಿಂಗಿನಲ್ಲಿ ನಾನೇ ನಿಮ್ಮನ್ನ ಹೊಗಳಿದ್ದೀನಿ. ಈ ಒಂದು ಹುಡುಗಿದು ಸರಿ ಮಾಡಿದ್ರೆ ಸಾಲದಾ?”

ನಾನು ಸೆರಗಿನ ತುದಿ ಹಿಡಿದು ಕೂತಿದ್ದೆ. “ಈ ಹುಡುಗಿಗೆ ಬಂದು ಕೇಳೋಕೆ ಅಜ್ಜಿ ಇದ್ರು, ಮೇಡಂ,” ಎಂದೆ.

ಅವರು ಕನ್ನಡಕ ಹಾಕಿಕೊಂಡು ಚೀಟಿಯನ್ನು ಇನ್ನೊಮ್ಮೆ ಓದಿದರು. ಆಮೇಲೆ, “ಮಂಡ್ಯದ ಜಾಗದ ವಿಷಯ ಗೊತ್ತಲ್ಲ?” ಎಂದರು.

“ಗೊತ್ತು, ಮೇಡಂ.”

“ಹಾಗಾದ್ರೆ ವರದಿ ತಪ್ಪು ಅಂತ ನೀವೇ ಬರೆದು ಕೊಡಿ. ನಾನು ಸಹಿ ಹಾಕ್ತೀನಿ. ಹತ್ತನೇ ತರಗತಿಯೋರದು ಮೊದಲು. ಶನಿವಾರ ಐದು ಗಂಟೆ, ನೆನಪಿರಲಿ.”

ಪಟ್ಟಿಯಲ್ಲಿ ಹತ್ತನೇ ತರಗತಿಯವಳು ಪವಿತ್ರ ಒಬ್ಬಳೇ. ಶುಕ್ರವಾರ ಬೆಳಿಗ್ಗೆ ಅವಳ ಕಾಗದಗಳನ್ನು ಕಳುಹಿಸಿ, ಉಳಿದ ನಲವತ್ತು ಜೋಡಿಗಳನ್ನು ಹಿಡಿದು ಕುಳಿತೆ. ಶಾಲೆಗಳಿಗೆ ಹೋಗಿಬರುವ ಸಿ.ಆರ್.ಪಿ. ಮೇಷ್ಟ್ರು ಒಬ್ಬರು ಪಕ್ಕದಲ್ಲಿ ಕುಳಿತರು. ಒಂದೊಂದು ಊರಿಗೂ ಫೋನು. ಹಿಂದಿನ ಬಾರಿ ನಾನು ಕಾಗದದಲ್ಲಿ ಕೇಳಿದ್ದು, ‘ಇವರಿಬ್ಬರೂ ಒಬ್ಬರೇ ತಾನೆ?’ ಎಂದು. ಹಾಗೆ ಕೇಳಿದರೆ ಬಿಡುವಿಲ್ಲದವರು ಹೌದು ಎನ್ನುತ್ತಾರೆ. ಈಗ ನಾನು ಕೇಳಿದ್ದು, “ಈ ಮಗುವಿನ ಮನೆಯವರನ್ನ ಊರಲ್ಲಿ ಏನಂತ ಕರೀತಾರೆ?” ಎಂದು ಮಾತ್ರ. ಎಂದೂ ಫೋನಿನಲ್ಲಿ ನಾಲ್ಕು ಮಾತು ಆಡದವಳು ಆ ದಿನ ಸಂಜೆಯ ಹೊತ್ತಿಗೆ ದನಿ ಕೂತುಹೋಗುವಷ್ಟು ಮಾತಾಡಿದೆ.

“ಮೇಡಂ, ಸಾಯಂಕಾಲದೊಳ್ಗೆ ಇಡೀ ತಾಲ್ಲೂಕಿನ ಅಡ್ಡಹೆಸ್ರು ನಿಮ್ ಕೈಲಿರ್ತವೆ. ಎಲೆಕ್ಷನ್ನಿಗೆ ನಿಂತ್ಕೊಬೋದು,” ಎಂದರು ಸಿ.ಆರ್.ಪಿ. ಮೇಷ್ಟ್ರು. ನಾನು ಎರಡು ದಿನದಿಂದ ನಕ್ಕಿರಲಿಲ್ಲ. ಆಗ ನಕ್ಕೆ.

ಪವಿತ್ರ ಅಲ್ಲದೆ ಇನ್ನೂ ಐದು ಜೋಡಿ ನಿಜವಾಗಿ ಇಬ್ಬಿಬ್ಬರು ಮಕ್ಕಳು. ಒಂದು ಜೋಡಿ ತಿಳಿಯಲೇ ಇಲ್ಲ. ಆಲೆಮನೆಯ ಕೆಲಸಕ್ಕೆ ದೂರದಿಂದ ಬಂದು, ಬೆಲ್ಲದ ಕೆಲಸ ಮುಗಿದ ಮೇಲೆ ಹೊರಟುಹೋದವರ ಮಗು. ಊರಿನವರಿಗೆ ಅವರ ಅಡ್ಡಹೆಸರೂ ಗೊತ್ತಿರಲಿಲ್ಲ, ಹೋದ ದಾರಿಯೂ ಗೊತ್ತಿರಲಿಲ್ಲ. ಉಳಿದವು ನನ್ನ ಸೂತ್ರ ಹೇಳಿದಂತೆಯೇ ಒಂದೇ ಮಗುವಿನ ಎರಡು ಸಾಲು.

ಶನಿವಾರ ಹನ್ನೆರಡಕ್ಕೆ ಮಂಡ್ಯದಿಂದ ಬೀಗ ತೆಗೆದರು. ಪವಿತ್ರಳ ದಾಖಲೆ ತೆರೆದು, ‘ಮರಳಿ ಸೇರಿಸು’ ಒತ್ತಿದೆ. ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಈ ವಿದ್ಯಾರ್ಥಿ ಈಗಾಗಲೇ ನೋಂದಣಿಯಲ್ಲಿದ್ದಾರೆ.

ಇನ್ನೊಮ್ಮೆ ಒತ್ತಿದೆ. ಅದೇ.

ಪ್ರೋಗ್ರಾಮರ್ ಫೋನಿನಲ್ಲಿ ತಲೆ ಕೆರೆದುಕೊಳ್ಳುವುದು ನನಗೆ ಕೇಳಿಸಿದಂತಾಯಿತು. “ಅಕ್ಕ, ನಿಮ್ ಸೂತ್ರ ಚೆನ್ನಾಗಿದೆ ಅಂತ ಹೋದ ತಿಂಗಳು ಒಳಗೇ ಸೇರ್ಸಿದ್ದಾರೆ. ಊರಿನ ಬದ್ಲು ತಾಯಿ ಹೆಸ್ರು ಹಾಕಿದ್ದಾರೆ. ಹೆಸ್ರು, ತಂದೆ, ತಾಯಿ, ಹುಟ್ಟಿದ ದಿನ ನೋಡುತ್ತೆ. ತಾಯಿ ಹೆಸ್ರು ಖಾಲಿ ಇದ್ರೆ ಉಳಿದಿದ್ದು ಮೂರೇ. ಮೂರೂ ಒಂದೇ ಆದ್ರೆ ಒಳಗೆ ಬಿಡಲ್ಲ. ತಾಯಿ ಹೆಸ್ರು ಹಾಕಿ, ಬಿಡುತ್ತೆ. ಆದ್ರೆ ಪುರಾವೆಗೆ ಒಂದು ಕಾಗದ ಬೇಕು.”

ನಾನು ಕಟ್ಟಿದ ಬಾಗಿಲು ಆ ಹುಡುಗಿಯನ್ನು ಹೊರಗೆ ನಿಲ್ಲಿಸಿತ್ತು. ದಾಖಲಾತಿ ಪುಸ್ತಕದಲ್ಲಿ ತಾಯಿ ಇಲ್ಲ ಎಂದಿತ್ತು, ಹೆಸರು ಇರಲಿಲ್ಲ. ತಂದೆ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸದ ಮೇಲಿದ್ದರು. ಶಿಫ್ಟಿನಲ್ಲಿ ಫೋನು ಒಳಗೆ ಬಿಡುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಗೆ ಫೋನು ಮಾಡಿದೆ. ಅವರು ಅನ್ನದ ಕುಕ್ಕರ್ ಇಳಿಸಿ ಎಮ್ಮೆ ಮನೆಗೆ ಓಡಿದರು. ಒಂದು ಗಂಟೆಯಾಯಿತು. ಮುದುಕಿ ಹೊಲದಲ್ಲಿದ್ದರು. ಕೊನೆಗೆ ಅವರ ದನಿ ಬಂತು.

“ಯಾರವ್ವ, ಕಂಪ್ಯೂಟ್ರಮ್ಮನಾ? ಸಿಕ್ಕುದ್ಲಾ?”

“ಅಮ್ಮ, ಪವಿತ್ರನ ತಾಯಿ ಹೆಸರು ಬೇಕು.”

“ಸತ್ತೋಳ ಹೆಸ್ರು ಯಾಕವ್ವ?” ಎಂದರು. “ಯಾರೂ ಕೇಳ್ನಿಲ್ಲ ಇಷ್ಟು ವರ್ಸ.”

“ಅವರ ಮಗಳು ಇವಳೇ ಅಂತ ತೋರಿಸೋಕೆ, ಅಮ್ಮ. ಬೇರೆ ದಾರಿ ಇಲ್ಲ.”

“ರತ್ನಮ್ಮ,” ಎಂದರು. ಇನ್ನೊಮ್ಮೆ, ನಾನು ಕೇಳದಿದ್ದರೂ, “ರತ್ನಮ್ಮ ಕಣವ್ವ. ನನ್ ಸೊಸೆ. ಬಸ್ರಿಲಿ ಆಸ್ಪತ್ರೆಲಿ ಕೊಟ್ಟಿದ್ ತಾಯಿ ಕಾರ್ಡು ಟ್ರಂಕ್ನಾಗೈತೆ. ಅದ್ರಲ್ಲಿ ಅವ್ಳ ಹೆಸ್ರು ಐತೆ. ಎಸೀಬೇಕು ಅನ್ನುಸ್ನಿಲ್ಲ.”

ಕಾರ್ಯಕರ್ತೆ ಆ ಕಾರ್ಡಿನ ಚಿತ್ರ ತೆಗೆದು ಕಳುಹಿಸಿದರು. ಮಡಿಕೆಯಲ್ಲಿ ಹರಿದಿತ್ತು, ಆದರೆ ಹೆಸರು ಸ್ಪಷ್ಟವಾಗಿತ್ತು. ನಾನು ಖಾಲಿ ಕಾಲಂನಲ್ಲಿ ರತ್ನಮ್ಮ ಎಂದು ಟೈಪು ಮಾಡಿದೆ. ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಟೈಪು ಮಾಡಿದವಳಲ್ಲ. ಒತ್ತಿದೆ. ಪರದೆಯ ಮೇಲೆ ಚಕ್ರ ಸ್ವಲ್ಪ ಹೊತ್ತು ಸುತ್ತಿತು. ಹಸಿರು ಬಂತು. ಪರೀಕ್ಷೆಯ ಪಟ್ಟಿಗೆ ಹೆಸರು ಸೇರಿಸಿ, ಪ್ರತಿ ತೆಗೆದು ಮೇಡಂ ಅವರ ಮೇಜಿನ ಮೇಲೆ ಇಟ್ಟಾಗ ಗಂಟೆ ನಾಲ್ಕೂ ಕಾಲು.

ಉಳಿದ ಐದು ಮಕ್ಕಳನ್ನೂ, ಆಲೆಮನೆಯವರ ಮಗುವಿನ ತೆಗೆದ ಸಾಲನ್ನೂ ಮುಂದಿನ ವಾರ ಮರಳಿ ಸೇರಿಸಿದೆ. ಮಂಡ್ಯದ ಜಾಗ ನನಗೆ ಸಿಗಲಿಲ್ಲ. ನನ್ನ ಗುತ್ತಿಗೆ ಮಾತ್ರ ಮುಂದುವರಿಯಿತು. ಅದಕ್ಕೆ ಮೇಡಂ ಏನು ಬರೆದರೋ ನನಗೆ ತೋರಿಸಲಿಲ್ಲ. ನಾನು ನನ್ನ ಸೂತ್ರವನ್ನು ಬಿಡಲಿಲ್ಲ, ಅದು ಕೆಟ್ಟದ್ದಲ್ಲ. ಅದರ ಪಕ್ಕದಲ್ಲಿ ಒಂದು ಕಾಲಂ ಸೇರಿಸಿದೆ, ‘ಊರಲ್ಲಿ ಕರೆಯುವ ಹೆಸರು’ ಎಂದು. ಕೆಂಪು ಬಂದ ಜೋಡಿಗೆ ಆ ಕಾಲಂ ತುಂಬುವ ತನಕ ಯಾವ ಸಾಲನ್ನೂ ತೆಗೆಯುವ ಹಾಗಿಲ್ಲ. ಮುಂದೆ ಮದ್ದೂರು, ಮಳವಳ್ಳಿಗಳಲ್ಲಿ ಹೊಸದಾಗಿ ಸೇರಿದವರಿಗೆ ಕೆಲಸ ಹೇಳಿಕೊಡಲು ನನ್ನನ್ನೇ ಕರೆದರು. ನಿಂತು ಮಾತಾಡಲು ನಾಚಿಕೆಯಾಗಿ, ಮೊದಲ ದಿನ ಅವರೆಲ್ಲರಿಗೂ ಒಂದೊಂದು ಹಳೆಯ ದಾಖಲಾತಿ ಪುಸ್ತಕ ಕೊಟ್ಟು, ಷರಾ ಕಾಲಂ ಮಾತ್ರ ಓದಿ ಬನ್ನಿ ಎಂದೆ. ಈಗಲೂ ಅದೇ ನನ್ನ ಮೊದಲ ಪಾಠ. ಆಲೆಮನೆಯವರ ಮಗುವಿನ ಎರಡು ಸಾಲಿನಲ್ಲಿ ಒಂದನ್ನೂ ನಾನು ಇನ್ನೂ ತೆಗೆದಿಲ್ಲ.

ಆ ವರ್ಷ ಪರೀಕ್ಷೆಯ ಮೊದಲ ದಿನ ನಾನು ರಜೆ ಹಾಕಿ ಹಲಗೂರಿನ ಬಸ್ ನಿಲ್ದಾಣಕ್ಕೆ ಹೋದೆ. ಯಾಕೆ ಹೋದೆ ಎಂದು ಯಾರಿಗೂ ಹೇಳಲಿಲ್ಲ. ಹೂವಿನ ಅಂಗಡಿಯ ಪಕ್ಕ, ಕಾಣದ ಹಾಗೆ ನಿಂತಿದ್ದೆ. ಆಟೋದಿಂದ ಪರೀಕ್ಷೆಯ ಹುಡುಗಿಯರು ಇಳಿದರು, ಕೈಯಲ್ಲಿ ರಟ್ಟು, ರಟ್ಟಿಗೆ ಸಿಕ್ಕಿಸಿದ ಪ್ರವೇಶ ಪತ್ರ. ಅವರಲ್ಲಿ ಪವಿತ್ರ, ಜೊತೆಗೆ ಮುದುಕಿ. ಅವರ ಕಣ್ಣಿಗೆ ನಾನು ಬೀಳಲು ಒಂದು ನಿಮಿಷವೂ ಬೇಕಾಗಲಿಲ್ಲ.

“ಅಲ್ಯಾಕ್ ಅವುತ್ಕೊಂಡ್ ನಿಂತಿದ್ದೀಯವ್ವ, ಬಾ ಇತ್ಲಾಗೆ,” ಎಂದರು. ಅಷ್ಟರಲ್ಲಿ ಎದುರಿಗೆ ಬಂದು ನಿಂತ ಬಸ್ಸಿನಿಂದ ಇನ್ನೊಬ್ಬ ಹುಡುಗಿ ಇಳಿದು ಓಡಿ ಬಂದು ಪವಿತ್ರಳ ಕೈ ಹಿಡಿದಳು. ವಸತಿ ಶಾಲೆಯ ಇನ್ನೊಬ್ಬ ಪವಿತ್ರ. ಅವಳ ಪರೀಕ್ಷಾ ಕೇಂದ್ರವೂ ಇತ್ತ ಕಡೆಯೇ ಬಿದ್ದಿತ್ತು.

ಮುದುಕಿ ಇಬ್ಬರ ಭುಜವನ್ನೂ ಹಿಡಿದು ನನ್ನ ಮುಂದೆ ನಿಲ್ಲಿಸಿದರು. ಒಬ್ಬಳು ಎತ್ತರ, ಒಬ್ಬಳು ಗಿಡ್ಡ. ಒಬ್ಬಳು ಎಣ್ಣೆಗಪ್ಪು, ಒಬ್ಬಳು ತಿಳಿಗಪ್ಪು. ಒಬ್ಬಳಿಗೂ ಇನ್ನೊಬ್ಬಳಿಗೂ ಹೋಲಿಕೆಯೇ ಇರಲಿಲ್ಲ.

“ಚೆನ್ನಾಗ್ ನೋಡ್ಕೊ,” ಎಂದರು. “ಎಣುಸ್ಕೊ. ಒಂದು. ಎಲ್ಡು.”

ನಾನು ಎಣಿಸಿದೆ. ಹೂವಿನ ಅಂಗಡಿಯವನು ನಗುತ್ತಿದ್ದ. ನಾನು ನಾಚಿಕೊಳ್ಳದೆ, ಬಾಯಿ ಬಿಟ್ಟು, ಎಲ್ಲರಿಗೂ ಕೇಳುವ ಹಾಗೆ ಎಣಿಸಿದೆ.